ಬಳೆಗಾರ ಗುಂಡೂ ನನ್ನ ಪ್ಯಾಂಟೂ

ಹಳೇ ಊರು, ಹಳೇ ಕಲ್ಲು ನೋಡಲು ಹೊರಡುವವರಲ್ಲಿ ಎರಡು ಬಗೆ. ಗೈಡ್ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಎಳನೀರು ಕುಡಿದು, ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಸುಖವಾಗಿ ಮನೆ ಸೇರುವವರು ಮೊದಲನೆಯವರು. ಗೈಡ್ ಬಾಯಿ ಬಿಡುವ ಮೊದಲೇ ತಾನು ಹೇಳಿಬಿಡಬೇಕೆಂದು ಹಿಂದಿನ ರಾತ್ರಿ ನಿದ್ದೆಗೆಟ್ಟು ಓದಿಕೊಂಡು ಬರುವವರು ಎರಡನೆಯವರು. ನೀವು ಎರಡನೆಯ ಗುಂಪಿನವರಾಗಿದ್ದರೆ ಬನ್ನಿ, ಹೀಗೆ ಪಕ್ಕದಲ್ಲೇ ಕುಳಿತುಕೊಳ್ಳಿ. ನಿಮಗೂ ಎಲ್ಲೋ ಒಂದು ಕಡೆ ಪ್ಯಾಂಟು ಹರಿದೇ ಇರುತ್ತದೆ.

ನಮ್ಮಂಥವರಿಗೆ ಹಂಪಿ ಹಿಡಿಸುವುದಿಲ್ಲ. 1986ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲಂತೂ ಅಲ್ಲಿಯ ಕಲ್ಲುಗಳ ಬಗ್ಗೆ ಎಲ್ಲರಿಗೂ ಎಲ್ಲವೂ ಗೊತ್ತು. ನಾನು ‘ಇದು ಪುರಂದರ ಮಂಟಪ’ ಎಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ನಿಂತ ಫ್ರೆಂಚ್ ಹುಡುಗಿ ಅದನ್ನೇ ನನಗಿಂತ ಒಳ್ಳೆಯ ಕನ್ನಡದಲ್ಲಿ ಹೇಳಿ ಮುಗಿಸಿರುತ್ತಾಳೆ. ಹಾಗಾಗಿ ಯಾರೂ ಹೋಗದ, ನಾನೊಬ್ಬನೇ ತಿಳಿದವನೆನಿಸಿಕೊಳ್ಳಬಹುದಾದ ಒಂದು ಮಹಾನಗರಕ್ಕಾಗಿ ಹುಡುಕಾಡಿದೆ. ಸಿಕ್ಕಿತು. ಅದೇ ಇಸಿಲ.

ಇಸಿಲ ಎಂದರೆ ಸಾಮಾನ್ಯ ಊರಲ್ಲ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ಮೌರ್ಯರ ಕಾಲದಲ್ಲಿ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೆಂಬ ಅಧಿಕಾರಿಗಳೂ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ಅಶೋಕ ಚಕ್ರವರ್ತಿಯ ಅಪ್ಪಣೆಯನ್ನು ತಿಳಿಸಿದ್ದರು. ಮೊದಲು ಕ್ಷೇಮಸಮಾಚಾರ, ಆಮೇಲೆ ಕೆಲಸದ ಮಾತು. ಸರ್ಕಾರಿ ಸುತ್ತೋಲೆಗಳಲ್ಲಿ ಈಗ ಕಾಣಸಿಗದ ಸೌಜನ್ಯ. ಈ ಅಪ್ಪಣೆಗಳನ್ನು ಕೊರೆದ ಬಂಡೆಗಳನ್ನು ಬಿ.ಎಲ್. ರೈಸ್ ಸಾಹೇಬರು 1892ರಲ್ಲಿ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಪತ್ತೆ ಮಾಡಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಬ್ರಹ್ಮಗಿರಿಯ ತಪ್ಪಲಲ್ಲಿ ಅಗೆದು, ಶಿಲಾಯುಗದ ಕೊಡಲಿಯಿಂದ ಹಿಡಿದು ಶಾತವಾಹನರ ಕಾಲದ ಮಡಕೆಯವರೆಗೆ ಪದರ ಪದರವಾಗಿ ಬಿಡಿಸಿಟ್ಟರು. ಇಷ್ಟೆಲ್ಲ ಇದ್ದರೂ ಅಲ್ಲಿ ಸೆಲ್ಫಿಗೆ ಸರದಿಯಿಲ್ಲ, ರೆಸಾರ್ಟ್ ಇಲ್ಲ, ಕನ್ನಡ ಮಾತಾಡುವ ಫ್ರೆಂಚ್ ಹುಡುಗಿಯಂತೂ ಇಲ್ಲವೇ ಇಲ್ಲ. ನನಗೆ ಇನ್ನೇನು ಬೇಕು?

ತಯಾರಿ ಜೋರಾಗಿಯೇ ನಡೆಯಿತು. ಮೈತುಂಬ ಜೇಬಿರುವ ಟ್ರೆಕ್ಕಿಂಗ್ ಪ್ಯಾಂಟು ಕೊಂಡೆ. ವೀಲರ್ ಸಾಹೇಬರೂ ನಾಚಬೇಕಾದಂಥ ಅಗಲಂಚಿನ ಹ್ಯಾಟು ಕೊಂಡೆ. ಕಡು ಕಿತ್ತಳೆ ಬಣ್ಣದ, ಹಸಿರು ದಾರದ ಶೂ ಕೊಂಡೆ. ಬ್ರಾಹ್ಮಿ ಲಿಪಿಯ ಪಟ್ಟಿಯೊಂದನ್ನು ಪ್ರಿಂಟ್ ಹಾಕಿಸಿ ಕಲಿಯಲು ಕುಳಿತೆ. ಬ್ರಾಹ್ಮಿ ಬಹಳ ಸುಲಭ: ಕೂಡುವ ಚಿಹ್ನೆ ಹಾಕಿದರೆ ‘ಕ’, ಸೊನ್ನೆ ಬರೆದರೆ ‘ಠ’, ಚೌಕ ಎಳೆದರೆ ‘ಬ’. ಈ ಮೂರು ಬಂದ ಕೂಡಲೇ ನನಗೆ ಎಂಥ ಆತ್ಮವಿಶ್ವಾಸ ಬಂತೆಂದರೆ ಉಳಿದ ಅಕ್ಷರಗಳನ್ನು ಬಸ್ಸಿನಲ್ಲಿ ಕಲಿತರಾಯಿತೆಂದು ಮಲಗಿಬಿಟ್ಟೆ. ಬಸ್ಸಿನಲ್ಲೂ ಮಲಗಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೊರಡುವ ದಿನ ಅತ್ತೆಯವರು ಒಂದು ಹಿತ್ತಾಳೆ ತಂಬಿಗೆ ತಂದು ಕೈಗಿಟ್ಟರು. “ಅಳಿಯಂದ್ರೇ, ರಾಮೇಶ್ವರಕ್ಕೆ ಹೊರಟಿದ್ದೀರಂತೆ. ಬರುವಾಗ ಸೇತುವಿನ ಮರಳು ಒಂದಿಷ್ಟು ತನ್ನಿ. ಕಾಶಿಗೆ ಹೋದಾಗ ಗಂಗೆಗೆ ಬಿಡಬೇಕು.” ಅತ್ತೆ, ಅದು ಆ ರಾಮೇಶ್ವರವಲ್ಲ, ಇದು ಚಿತ್ರದುರ್ಗ ಜಿಲ್ಲೆಯ ಜಟಿಂಗ ರಾಮೇಶ್ವರ, ಇದಕ್ಕೂ ಸಮುದ್ರಕ್ಕೂ ಇರುವ ಸಂಬಂಧವೆಂದರೆ ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿಗೂ ಎತ್ತರದಲ್ಲಿದೆ ಎಂಬುದಷ್ಟೇ ಎಂದು ಹೇಳಬೇಕಿತ್ತು. ಆದರೆ ಆ ಹ್ಯಾಟು ಹಾಕಿಕೊಂಡು ಅತ್ತೆಯವರ ಮುಂದೆ ನಿಂತಾಗ ನನ್ನ ಬಾಯಿಂದ ಹೊರಟದ್ದು “ಆಗಲಿ ಅತ್ತೆ” ಎಂಬ ಎರಡೇ ಮಾತು. ತಂಬಿಗೆ ಬ್ಯಾಗಿನಲ್ಲಿ ಹಿಡಿಯಲಿಲ್ಲ. ಕೈಯಲ್ಲೇ ಹಿಡಿದು ಬಸ್ ಹತ್ತಿದೆ.

ಚಳ್ಳಕೆರೆಯಲ್ಲಿ ಇಳಿದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಆ ಹೆಸರನ್ನು ಗೌರವಿಸುವುದು ಪ್ರವಾಸಿಯ ಧರ್ಮವೆಂದು ಮಂಡಕ್ಕಿ ಒಗ್ಗರಣೆ ಜೊತೆಗೆ ಬಿಸಿ ಮಿರ್ಚಿ ತಿಂದೆ. ಗೌರವ ಸಾಲದೆಂದು ಇನ್ನಷ್ಟು ತಿಂದೆ. ಅಂಗಡಿಯವರು “ಸಾಕು ಬಿಡ್ರಿ ಸಾ, ಈ ಮೆಣಸಿನಕಾಯಿ ಖಾರ ಐತೆ” ಎಂದು ವ್ಯಾಪಾರ ಬಿಟ್ಟು ಬುದ್ಧಿ ಹೇಳಿದರು. ಕೇಳಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಹಾನಗಲ್ ಮುಟ್ಟುವಷ್ಟರಲ್ಲಿ ನನ್ನ ನೀರಿನ ಬಾಟಲಿ ಖಾಲಿ, ಪಕ್ಕದವರ ಬಾಟಲಿಯೂ ಖಾಲಿ. ಸೇತುವಿನ ಮರಳಿಗೆಂದು ತಂದ ತಂಬಿಗೆಗೆ ಅಂದಿನಿಂದ ನೀರಿನ ಪಾತ್ರೆಯ ಕೆಲಸ ಬಿತ್ತು.

ಬೆಟ್ಟಕ್ಕೆ ಮೊದಲು ಮೊಳಕಾಲ್ಮೂರಿನಲ್ಲಿ ಸೀರೆಯ ಕೆಲಸ. ಅಲ್ಲಿಯ ಕೈಮಗ್ಗದ ರೇಷ್ಮೆ ಸೀರೆ ಎಲ್ಲರಿಗೂ ಗೊತ್ತು. ಒಂದು ತಂದುಕೊಟ್ಟರೆ ಶಾಸನದ ಹುಚ್ಚನ್ನು ಮನ್ನಿಸಲಾಗುವುದೆಂದು ಮನೆಯಲ್ಲಿ ಒಪ್ಪಂದವಾಗಿತ್ತು. ಅಂಗಡಿಗೆ ಹೋಗುವುದು ಮೊದಲ ಗುಂಪಿನವರ ಕೆಲಸ. ನಾನು ನೇಕಾರರ ಮನೆಗೇ ಹೋದೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ತಂಪಾದ ಅರೆಗತ್ತಲು. ಎರಡು ಕುಣಿಮಗ್ಗಗಳು. ಒಂದರಲ್ಲಿ ಅಕ್ಕ ಒಬ್ಬರು ಕುಣಿಯೊಳಗೆ ಕಾಲಿಳಿಸಿ ಕುಳಿತು ನೇಯುತ್ತಿದ್ದರು. ಅಂಚಿನ ಎಳೆ ಬೇರೆ, ಒಡಲಿನ ಎಳೆ ಬೇರೆ. ಎರಡೂ ಕೂಡುವಲ್ಲಿ ಲಾಳಿ ನಿಲ್ಲಿಸಿ, ಬೆರಳ ತುದಿಯಲ್ಲಿ ಎಳೆಗೆ ಎಳೆ ಸಿಕ್ಕಿಸಿ, ಹಲಗೆ ಎಳೆದು ಬಡಿಯುತ್ತಿದ್ದರು. ಗಂಟೆಗಟ್ಟಲೆ ಕಳೆದರೂ ಬಟ್ಟೆ ಗೇಣುದ್ದ ಮುಂದೆ ಹೋಗುವುದು ಕಷ್ಟ. ಇದೇ ನಿಜವಾದ ಪರಂಪರೆ ಎಂದು ನನಗೆ ಉಕ್ಕಿ ಬಂತು. ಮಗ್ಗ ಪೂರ್ತಿ ಫೋಟೋದಲ್ಲಿ ಬರಲೆಂದು ಒಂದು ಹೆಜ್ಜೆ ಹಿಂದೆ ಇಟ್ಟೆ. ಬರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟೆ. ಎರಡನೆಯ ಮಗ್ಗದ ಕುಣಿ ಅಲ್ಲಿತ್ತು.

ಬಿದ್ದೆ ಎನ್ನುವುದಕ್ಕಿಂತ ನಿಂತಲ್ಲೇ ಗಿಡ್ಡನಾದೆ ಎಂದರೆ ಸರಿ. ಕಣ್ಣು ಬಿಟ್ಟಾಗ ಕಿತ್ತಳೆ ಶೂ ಕೆಳಗಿನ ತುಳಿಮಣೆಯ ಮೇಲಿತ್ತು, ಎದುರಿಗೆ ಹಾಸಿನ ಎಳೆಗಳು ಟಕ್ಕೆಂದು ಎರಡಾಗಿ ಬಾಯಿ ತೆರೆದಿದ್ದವು. ಅಕ್ಕ ಗಾಬರಿಯಾಗಿ ಎದ್ದು ಬಂದರು. ನಾನು ಬದುಕಿದ್ದೇನೆಂದು ಖಾತ್ರಿಯಾದ ಮೇಲೆ ಸೆರಗು ಬಾಯಿಗಿಟ್ಟುಕೊಂಡು, “ತುಳಿಯೋದು ಸರಿಯಾಗೇ ತುಳಿದೀರಿ ಅಣ್ಣ, ಹಂಗೇ ಲಾಳೀನೂ ಬಿಟ್ಬಿಡ್ರಿ” ಎಂದರು. ಮನೆಮಂದಿಯೆಲ್ಲ ಸೇರಿ ನನ್ನನ್ನು ಮೇಲೆತ್ತಿದರು. ಪಾದ ಉಳುಕಿತ್ತು. ಕಡಿದ ಎಳೆಗಳನ್ನು ಅಕ್ಕ ಒಂದೊಂದಾಗಿ ಹುಡುಕಿ, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಕೂಡಿಸುತ್ತಿದ್ದರೆ ನನಗೆ ಅಲ್ಲೇ ಇನ್ನೊಂದು ಕುಣಿ ತೋಡಿಕೊಂಡು ಇಳಿದುಬಿಡೋಣ ಎನ್ನಿಸಿತು. ಅವರು ತೋರಿಸಿದ ಮೊದಲ ಸೀರೆಯನ್ನು, ಹೇಳಿದ ಬೆಲೆಗೆ, ಬಣ್ಣ ನೋಡದೆ ಕೊಂಡೆ. ಅದೇ ಬಣ್ಣದ ಸೀರೆ ಮನೆಯ ಬೀರುವಿನಲ್ಲಿ ಆಗಲೇ ಮಡಿಸಿಟ್ಟಿತ್ತು.

ಕುಂಟುತ್ತ ಬಂದು ಆಟೋ ಹತ್ತಿ, “ಇಸಿಲಕ್ಕೆ ಹೋಗಬೇಕು” ಎಂದೆ, ಮಹಾಮಾತ್ರನ ಗತ್ತಿನಲ್ಲಿ. “ಅದು ಆಂಧ್ರದ ಕಡಿ ಏನ್ ಸಾ? ರಾಯದುರ್ಗದ ಆಚಿಗಾ?” ಎಂದರು ಡ್ರೈವರ್. “ಅಶೋಕನ ಶಾಸನ ಇರುವ ಊರು” ಎಂದು ತಿದ್ದಿದೆ. “ಹಂಗನ್ರಿ ಮತ್ತೆ. ಯಾವುದಕ್ಕ ಹೋಗಣ? ಅಕ್ಷರ ಗುಂಡಾ, ಎಮ್ಮೆ ತಮ್ಮನ ಗುಂಡಾ, ಬಳೆಗಾರ ಗುಂಡಾ?” ನಾನು ಬಾಯಿ ಬಾಯಿ ಬಿಟ್ಟೆ. ಆ ಹೆಸರುಗಳಿದ್ದ ಪುಟವನ್ನು ಹಿಂದಿನ ರಾತ್ರಿ ನಿದ್ದೆಗಣ್ಣಿನಲ್ಲಿ ಹಾರಿಸಿದ್ದೆ. ಬ್ರಹ್ಮಗಿರಿಯದು ಅಕ್ಷರ ಗುಂಡು, ಸಿದ್ದಾಪುರದ್ದು ಎಮ್ಮೆ ತಮ್ಮನ ಗುಂಡು, ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು. ನೋಡಹೋದರೆ ಊರಿನವರ ಲೆಕ್ಕವೇ ಪಕ್ಕಾ. ಈ ಮೂರು ಬಂಡೆಗಳಲ್ಲಿ ಎಲ್ಲಿಯೂ ಅಶೋಕ ಎಂಬ ಹೆಸರೇ ಇಲ್ಲ, ‘ದೇವಾನಾಂಪ್ರಿಯ’ ಎಂದಷ್ಟೇ ಇದೆ. ಅಶೋಕನೆಂದು ಹೆಸರು ಹಿಡಿದು ಹೇಳುವ ಶಾಸನ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕಿತು. ಬಂಡೆಗೇ ಗೊತ್ತಿಲ್ಲದ ಹೆಸರು ಹೇಳಿ ಬಂಡೆಗೆ ದಾರಿ ಕೇಳುವ ಬುದ್ಧಿವಂತನನ್ನು ಡ್ರೈವರ್ ಮರುಮಾತಿಲ್ಲದೆ ಜಟಿಂಗ ರಾಮೇಶ್ವರ ಬೆಟ್ಟದ ಬುಡಕ್ಕೆ ತಲುಪಿಸಿದರು.

ಜಟಾಯು ರಾವಣನೊಡನೆ ಕಾದಾಡಿ ರೆಕ್ಕೆ ಕಳೆದುಕೊಂಡು ಬಿದ್ದದ್ದು ಇಲ್ಲೇ, ಅವನ ಅಂತ್ಯಕ್ರಿಯೆ ಮಾಡಿ ರಾಮ ಲಿಂಗ ಪ್ರತಿಷ್ಠೆ ಮಾಡಿದ್ದೂ ಇಲ್ಲೇ ಎಂದು ಸ್ಥಳಪುರಾಣ. ರೆಕ್ಕೆಯಿದ್ದವನಿಗೇ ಇಲ್ಲಿ ಆ ಗತಿಯಾದರೆ ಮಿರ್ಚಿ ತಿಂದು ಪಾದ ಉಳುಕಿಸಿಕೊಂಡವನ ಪಾಡೇನು? ಮೆಟ್ಟಿಲು ಹತ್ತಿದಂತೆ ಮೆಟ್ಟಿಲು ಹೆಚ್ಚಾಗುತ್ತಿತ್ತು. ನನ್ನ ಪಕ್ಕದಲ್ಲೇ ಹತ್ತಿ ಹೋದ ಅಜ್ಜಿಯೊಬ್ಬರು ಪೂಜೆ ಮುಗಿಸಿ ಇಳಿದು ಬರುವಾಗಲೂ ನಾನು ಅದೇ ಕಲ್ಲಿನ ಮೇಲಿದ್ದೆ. “ಮೆಲ್ಲಕೆ ಬಾರಪ್ಪ, ಸಾಮಿ ಎಲ್ಲೂ ಹೋಗಲ್ಲ” ಎಂದು ಸಮಾಧಾನ ಹೇಳಿ, ತಮ್ಮ ಪ್ರಸಾದದ ಬಾಳೆಹಣ್ಣು ಕೊಟ್ಟು ಹೋದರು.

ಆ ಬಾಳೆಹಣ್ಣೇ ಮುಂದಿನ ಅನಾಹುತಕ್ಕೆ ನಾಂದಿ. ಸಿಪ್ಪೆ ಸುಲಿಯುವಷ್ಟರಲ್ಲಿ ಕೋತಿಯೊಂದು ಎದುರು ಬಂದು ಕುಳಿತಿತು. ಕೋತಿ ಕಂಡರೆ ಹಣ್ಣು ಬಚ್ಚಿಡಬೇಕೆಂದು ಎಲ್ಲೋ ಓದಿದ್ದೆ, ಹ್ಯಾಟಿನೊಳಗೆ ಬಚ್ಚಿಟ್ಟೆ. ಹ್ಯಾಟಿನೊಳಗೆ ಬ್ರಾಹ್ಮಿ ಪಟ್ಟಿಯೂ ಇತ್ತು, ಬೆವರಿಗೆ ನೆನೆಯದಿರಲೆಂದು ಅಲ್ಲಿಟ್ಟಿದ್ದೆ. ಕೋತಿ ಆಯ್ಕೆಯ ಗೊಂದಲವನ್ನೇ ಇಟ್ಟುಕೊಳ್ಳಲಿಲ್ಲ. ಹ್ಯಾಟು, ಹಣ್ಣು, ಲಿಪಿ ಮೂರನ್ನೂ ಒಟ್ಟಿಗೆ ಎತ್ತಿಕೊಂಡು ಮೇಲಿನ ಬಂಡೆಗೆ ಹೋಯಿತು. ಹಣ್ಣು ತಿಂದಾದ ಮೇಲೆ ಪಟ್ಟಿಯನ್ನು ಬಿಡಿಸಿ ಬಹಳ ಹೊತ್ತು ನೋಡಿತು. ನಾನು ಬಸ್ಸಿನಲ್ಲಿ ಅಷ್ಟು ನೋಡಿದ್ದರೂ ಸಾಕಿತ್ತು. ನೆತ್ತಿ ಸುಡುತ್ತಿತ್ತು, ಟವೆಲ್ ತೆಗೆದು ತಲೆಗೆ ಸುತ್ತಿಕೊಂಡೆ.

ಅರ್ಧ ದಾರಿಯಲ್ಲಿ ನೆರಳಿರುವ ಒಂದು ಹಾಸುಬಂಡೆ. ಅಲ್ಲಿ ಕುರಿ ಕಾಯುವ ಯಜಮಾನರೊಬ್ಬರು ಕಂಬಳಿ ಹಾಸಿ ಕುಳಿತಿದ್ದರು, ಜೊತೆಗೆ ಇಬ್ಬರು ಹುಡುಗರು. ಬಂಡೆಯ ಮೇಲೆ ಕಣ್ಣು ಬಿತ್ತು, ಎದೆ ಧಸಕ್ಕೆಂದಿತು. ಅಕ್ಷರಗಳು! ಸಾಲು ಸಾಲು ಚೌಕಗಳು, ನಡುನಡುವೆ ಕೂಡುವ ಚಿಹ್ನೆಗಳು. ಚಿಹ್ನೆಗಳು ಕೊಂಚ ಓರೆಯಾಗಿದ್ದವು ನಿಜ. ಇಪ್ಪತ್ತೆರಡು ಶತಮಾನ ಗಾಳಿ ಬೀಸಿದರೆ ಯಾವ ಅಕ್ಷರ ತಾನೇ ನೆಟ್ಟಗೆ ನಿಂತೀತು? ನನಗೆ ಬರುತ್ತಿದ್ದ ಮೂರು ಅಕ್ಷರಗಳಲ್ಲಿ ಎರಡನ್ನೇ ಬಳಸಿ ಚಕ್ರವರ್ತಿ ಶಾಸನ ಬರೆಸಿದ್ದಾನೆ, ಇದು ಜನ್ಮಾಂತರದ ನಂಟಲ್ಲದೆ ಇನ್ನೇನು? ಬಂಡೆ ಹತ್ತಿ ನಿಂತು ಗಟ್ಟಿಯಾಗಿ ಓದಿದೆ: “ಬಬಕಬಬ! ಬಬಬಬಬ! ಕಬಕಬಕ!”

ಹುಡುಗರು ಕೈಯಲ್ಲಿದ್ದ ಹುಣಿಸೆಕಾಯಿ ಕಡಿಯುವುದನ್ನು ನಿಲ್ಲಿಸಿದರು. ಕುರಿಗಳೂ ತಲೆಯೆತ್ತಿದವು, ಅವುಗಳ ಭಾಷೆಗೆ ಹತ್ತಿರವಿದ್ದಿರಬೇಕು. ಅರ್ಥವನ್ನೂ ವಿವರಿಸಿದೆ, ಪುಸ್ತಕದಲ್ಲಿ ಓದಿದ್ದು ನೆನಪಿತ್ತಲ್ಲ. “ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನೇ ನುಡಿಯಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು.” ಶಾಸನಗಳನ್ನು ಬರೆದವನು ಚಪಡನೆಂಬ ಲಿಪಿಕಾರ, ಬ್ರಹ್ಮಗಿರಿಯಲ್ಲಿ ಅವನು ಕೊನೆಯ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಬರೆದಿದ್ದಾನೆ, ವಾಯವ್ಯದ ಗಂಧಾರದ ಕಡೆಯ ಲಿಪಿ ಅದು ಎಂದೆಲ್ಲ ಹೇಳಿ, ಖರೋಷ್ಠಿಗಾಗಿ ಬಂಡೆಯ ಬಲತುದಿಯನ್ನು ಹುಡುಕತೊಡಗಿದೆ. ಯಜಮಾನರು ಮುಗಿಯುವವರೆಗೂ ಕೈಕಟ್ಟಿಕೊಂಡು ಕೇಳಿದರು. ಆಮೇಲೆ ಬಹಳ ಮೆತ್ತಗೆ, “ಸಾಮಿ, ನೀವು ಹೇಳಿದ್ದೆಲ್ಲ ಒಳ್ಳೆ ಮಾತೇ. ಆದ್ರೆ ಇದು ನಮ್ಮ ಚೌಕಾಬಾರದ ಮನೆ. ನಾನು ಸಣ್ಣೋನಿದ್ದಾಗ ನಮ್ಮಪ್ಪ ಕೊರದಿದ್ದು. ಓರೆ ಗೀರು ಹಾಕಿರೋವು ಕಟ್ಟೆ ಮನೆ. ಈಗ ನೀವು ನಿಂತಿರೋದು ಹಣ್ಣಿನ ಮನೆ” ಎಂದರು.

ಚೌಕಾಬಾರದಲ್ಲಿ ಮನೆಯೆಲ್ಲ ಸುತ್ತಿ ಒಳಗೆ ಬಂದ ಕಾಯಿ ಹಣ್ಣಾಗುತ್ತದೆ. ನಾನು ಹಣ್ಣುಗಾಯಿ ನೀರುಗಾಯಿ ಎರಡೂ ಆಗಿದ್ದೆ.

“ಬಳೆಗಾರ ಗುಂಡು ಮ್ಯಾಲೈತೆ, ಬರ್ರಿ” ಎಂದು ಅವರೇ ಕರೆದುಕೊಂಡು ಹೋದರು, ಊರಲು ತಮ್ಮ ಕೋಲನ್ನೂ ಕೊಟ್ಟು. ರಾಮೇಶ್ವರನಿಗೆ ಕೈಮುಗಿದು, ತೀರ್ಥ ತೆಗೆದುಕೊಂಡು, ಗುಂಡಿನ ಬಳಿಗೆ ಹೋದೆ. ಜಾತ್ರೆಯಲ್ಲಿ ಬಳೆಗಾರರು ಈ ಬಂಡೆಯ ಮೇಲೆ ಮಲಾರ ಬಿಚ್ಚಿ ವ್ಯಾಪಾರ ಮಾಡುತ್ತಿದ್ದರಂತೆ, ಅದಕ್ಕೇ ಆ ಹೆಸರು. ಮೂರು ಶಾಸನಗಳಲ್ಲಿ ಹೆಚ್ಚು ಸವೆದದ್ದು ಇದೇ. ಚಕ್ರವರ್ತಿಯ ಧರ್ಮಾಜ್ಞೆಯ ಮೇಲೆ ಕುಳಿತು ಎಷ್ಟು ತಲೆಮಾರಿನ ಹೆಣ್ಣುಮಕ್ಕಳು ಕೈತುಂಬ ಬಳೆ ತೊಟ್ಟಿದ್ದಾರೋ! ನಾನು ಬಗ್ಗಿ, ಕಣ್ಣು ಕಿರಿದುಮಾಡಿ, ಒಂದು ಕೂಡುವ ಚಿಹ್ನೆಗಾಗಿ ಹಾತೊರೆದೆ. ಗೀರು ಯಾವುದು, ಅಕ್ಷರ ಯಾವುದು, ಗೊತ್ತಾಗಲಿಲ್ಲ. ಯಜಮಾನರು ದೂರದಲ್ಲಿ ನಿಂತೇ “ಅಗೋ ಅಲ್ಲಿ, ನಿಮ್ಮ ನೆಳ್ಳು ಬಿದ್ದೈತಲ್ಲ, ಅಲ್ಲೇ” ಎಂದು ತೋರಿಸಿದರು. ನಾನು ಬೆಳಕಿಗೆ ಅಡ್ಡ ನಿಂತಿದ್ದೆ.

ಒಂದು ಸಮಾಧಾನವಿತ್ತು. ಈ ಶಾಸನದಲ್ಲಿ ಚಕ್ರವರ್ತಿ ತನ್ನ ಬಗ್ಗೆಯೇ ಒಂದು ಗುಟ್ಟು ಬಿಟ್ಟುಕೊಟ್ಟಿದ್ದಾನೆ: ತಾನು ಉಪಾಸಕನಾಗಿ ಎರಡೂವರೆ ವರ್ಷ ಕಳೆಯಿತು, ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಹಾಕಲಿಲ್ಲ ಎಂದು. ಮೈಗಳ್ಳತನವನ್ನು ಬಂಡೆಯ ಮೇಲೆ ಕೊರೆಸಿ ರಾಜ್ಯಕ್ಕೆಲ್ಲ ಸಾರಿದ ದೊರೆ ಇನ್ನೊಬ್ಬನಿದ್ದರೆ ನನಗೆ ತಿಳಿಸಿ. ಜೊತೆಗೆ, ದೊಡ್ಡವರಿಗಷ್ಟೇ ಅಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ ಎಂಬ ಭರವಸೆ ಬೇರೆ. ನನಗೆ ಹುರುಪು ಬಂತು. ಈ ದೃಶ್ಯವನ್ನು ಎತ್ತರದಿಂದ ಫೋಟೋ ತೆಗೆಯೋಣವೆಂದು ಆಚೆಯ ಓರೆ ಬಂಡೆ ಹತ್ತಿದೆ. ಸಣ್ಣವರ ಶ್ರಮಕ್ಕೆ ಸ್ವರ್ಗ ಸಿಗುವುದು ನಿಧಾನ, ಜಾರುವುದು ತಕ್ಷಣ. ಮೇಲಿಂದ ಕೆಳಗಿನವರೆಗೆ ಕುಳಿತ ಭಂಗಿಯಲ್ಲೇ ಬಂದೆ. ಪ್ಯಾಂಟು ಪೂರ್ತಿಯಾಗಿ ಬರಲಿಲ್ಲ. ಜೇಬುಗಳೆಲ್ಲ ಭದ್ರವಾಗಿದ್ದವು, ಜೇಬುಗಳ ನಡುವೆ ಇರಬೇಕಾದ ಬಟ್ಟೆ ಬಂಡೆಗೆ ಅರ್ಪಿತವಾಗಿತ್ತು.

ಯಜಮಾನರು ಒಂದು ಮಾತೂ ಆಡದೆ ಹೆಗಲ ಕಂಬಳಿ ತೆಗೆದು, ಮುಖ ಆಚೆ ತಿರುಗಿಸಿ, ನನ್ನ ಕಡೆ ಚಾಚಿದರು. ಚಳ್ಳಕೆರೆ ಕಡೆಯ ಕರಿ ಕಂಬಳಿ: ಮಳೆಗೆ ಮನೆ, ಚಳಿಗೆ ಹಾಸಿಗೆ, ಆ ದಿನ ನನ್ನ ಮಾನ. ಕುತ್ತಿಗೆಯಿಂದ ಮೊಣಕಾಲಿನವರೆಗೆ ಸುತ್ತಿಕೊಂಡೆ. ತಲೆಗೆ ಟವೆಲ್, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಂಬಿಗೆ. ಬಿಸಿಲಿಗೆ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಹೀಗೆ ಕುಂಟುತ್ತ ಇಳಿಯುವಾಗ ಮೇಲೆ ಬರುತ್ತಿದ್ದ ಯುವ ಜೋಡಿಯೊಂದು ಗಕ್ಕನೆ ನಿಂತಿತು. ಬೆಂಗಳೂರಿನವರು, ಬೆನ್ನಿಗೆ ಬ್ಯಾಗು, ಕೈಯಲ್ಲಿ ಸೆಲ್ಫಿ ಕೋಲು. ಹುಡುಗಿ ಬಹಳ ವಿನಯದಿಂದ ಕೇಳಿದಳು: “ಅಜ್ಜಾ, ನಿಮ್ಮದೊಂದು ಫೋಟೋ ತೆಗೀಬಹುದಾ?”

ನಾನು ಅಜ್ಜನಲ್ಲ, ನಿಮ್ಮ ಬಡಾವಣೆಯ ಪಕ್ಕದವನೇ ಎಂದು ಕೈಯಾಡಿಸಿ ಹೇಳಬೇಕು. ಕೈಯಾಡಿಸಿದರೆ ಕಂಬಳಿ ಜಾರುತ್ತದೆ. ಕಂಬಳಿ ಜಾರಿದರೆ ಪಾರಂಪರಿಕ ಪ್ರವಾಸೋದ್ಯಮದ ಭವಿಷ್ಯವೇನು? ಸುಮ್ಮನೆ ನಿಂತೆ. ನನ್ನ ಮೌನ ಅವರಿಗೆ ತಪಸ್ಸಾಗಿ ಕಂಡಿತು. ಯಜಮಾನರ ಕಣ್ಣಿನಲ್ಲಿ ಅದುವರೆಗೆ ಇಲ್ಲದ ಒಂದು ಮಿಂಚು ಬಂತು. “ಅಜ್ಜಂಗೆ ಕಲ್ಲಿನ ಅಕ್ಷರ ಓದಕ್ಕೆ ಬರ್ತೈತಮ್ಮ, ಕೇಳ್ರಿ” ಎಂದರು. ಮೊಬೈಲು ನನ್ನ ಬಾಯಿಯ ಮುಂದೆ ಬಂತು. ಇನ್ನೇನು ಮಾಡಲಿ? ಕಣ್ಣು ಮುಚ್ಚಿ ಶುರುಮಾಡಿದೆ: “ಬಬಕಬಬ... ಬಬಬಬಬ... ಕಬಕಬಕ...” ಇಬ್ಬರೂ ಕೈಮುಗಿದರು. ಹೋಗುವಾಗ ಹುಡುಗ ನನ್ನ ತಂಬಿಗೆಯೊಳಗೆ ಹತ್ತು ರೂಪಾಯಿ ನಾಣ್ಯ ಹಾಕಿದ. ಠಣ್ ಎಂದಿತು.

ಆಟೋದಲ್ಲಿ ಮೊಳಕಾಲ್ಮೂರಿಗೆ ಬಂದು, ಹೊಸ ಪ್ಯಾಂಟು ಕೊಂಡು ಹಾಕಿಕೊಂಡು, ಅದೇ ಡ್ರೈವರ್ ಕೈಯಲ್ಲಿ ಕಂಬಳಿ ವಾಪಸು ಕಳಿಸಿದೆ. ಮನೆಗೆ ಬಂದು ಸತ್ಯವನ್ನೇ ನುಡಿಯಬೇಕೆಂಬ ಅಪ್ಪಣೆ ಪಾಲಿಸಿ, “ಅತ್ತೆ, ಅಲ್ಲಿ ಸಮುದ್ರ ಇರಲಿಲ್ಲ” ಎಂದೆ. ಬೇರೆ ಇನ್ನೇನನ್ನೂ ನುಡಿಯಲಿಲ್ಲ. ಸತ್ಯದ ಅಪ್ಪಣೆಯಲ್ಲಿ ಪ್ಯಾಂಟಿನ ಪ್ರಸ್ತಾಪ ಇಲ್ಲವಷ್ಟೆ.

ಆ ವಾರ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಒಂದು ವಿಡಿಯೋ ಬಂತು. ಕೆಳಗೆ ಒಕ್ಕಣೆ: ‘ಶಾಲೆಯ ಮೆಟ್ಟಿಲು ಹತ್ತದಿದ್ದರೂ ಎರಡು ಸಾವಿರ ವರ್ಷದ ಶಾಸನವನ್ನು ಬಾಯಿಪಾಠ ಹೇಳುವ ಬೆಟ್ಟದ ಅಜ್ಜ. ಇಂಥವರನ್ನು ಸರ್ಕಾರ ಗುರುತಿಸುವವರೆಗೂ ಶೇರ್ ಮಾಡಿ.’ ಅತ್ತೆಯವರು ಕಣ್ಣೊರೆಸಿಕೊಂಡು ಇಡೀ ಭಜನಾ ಮಂಡಳಿಗೆ ಕಳಿಸಿದರು. ಸೋದರಮಾವ ಮೂರು ಬಾರಿ ಕೈಮುಗಿಯುವ ಚಿಹ್ನೆ ಒತ್ತಿದರು. ನಾನೂ ಒತ್ತಿದೆ, ಒತ್ತದಿದ್ದರೆ ಅನುಮಾನ ಬಂದೀತೆಂದು. ಹೆಂಡತಿ ಮಾತ್ರ ವಿಡಿಯೋವನ್ನು ನಿಲ್ಲಿಸಿ, ಎರಡು ಬೆರಳಿನಲ್ಲಿ ಅಗಲಿಸಿ, ಕೆಳತುದಿಯನ್ನೇ ನೋಡುತ್ತ ಕೂತಳು.

“ರೀ, ಈ ಅಜ್ಜನ ಕಂಬಳಿ ಕೆಳಗೆ ಕಿತ್ತಳೆ ಶೂ ಕಾಣ್ತಿದೆಯಲ್ಲ, ಇದಕ್ಕೆ ನಾವು ಎಷ್ಟು ಕೊಟ್ವಿ?”